ಹದಿನೇಳನೇ ಮಂಚ

ಮನೋರೋಗ ವಿಭಾಗದ ನಮ್ಮ ದೊಡ್ಡ ಡಾಕ್ಟರಿಗೆ ಈಗ ವಾರವೆಂದರೆ ಬರೀ ಸಭೆ. ಸೋಮವಾರ ಆರೋಗ್ಯ ಸುಧಾರಣೆಯ ಸಭೆ, ಮಂಗಳವಾರ ಆ ಸಭೆಯಲ್ಲಿ ಏನಾಯಿತೆಂದು ತಿಳಿಯುವ ಸಭೆ, ಬುಧವಾರ ರೋಗಿಗಳನ್ನು ‘ಫಲಾನುಭವಿಗಳು’ ಎಂದು ಕರೆಯುವ ತರಬೇತಿ. ಅಲ್ಲಿ ಹಲ್ಲು ಕಚ್ಚಿಕೊಂಡು ಕೂತು, ಕೊಟ್ಟ ಪೆನ್ಸಿಲನ್ನೆಲ್ಲ ಮುರಿದು ಬರುತ್ತಾರೆ. ಗುರುವಾರ ಮಾತ್ರ ಅವರದೇ ದಿನ. ಖಾಲಿ ಮಂಚ ಕಂಡರೆ ರದ್ದು ಮಾಡುವ ಅಧಿಕಾರಿ ವಾರ್ಡಿಗೆ ಬರುವ ಹೊತ್ತಿಗೆ, ಯಾರಾದರೂ ತಟ್ಟನೆ ಬಂದರೆ ಇರಲೆಂದು ತಾವು ಕಾಯ್ದಿಟ್ಟ ಹದಿನೇಳನೇ ಮಂಚವನ್ನು ಷೂ ಸಮೇತ ಹತ್ತಿ, ಕಂಬಳಿ ಹೊದ್ದುಬಿಡುತ್ತಾರೆ. “ಸಾರ್, ಏಳಿ. ಇದು ಖಾಲಿ ಮಂಚ ಅಲ್ವಾ?” “ಕಣ್ಣು ಕಾಣಲ್ವೇನ್ರೀ? ರೋಗಿ ಮಲಗಿದಾನೆ, ಬರ್ಕೊಳ್ಳಿ.” “ಏನು ಕಾಯಿಲೆ ಅಂತ ಬರೀಲಿ?” “ನಿಮ್ಮ ಸುಧಾರಣೆ ಅಂತ ಬರೀರಿ!” ಇನ್ನೇನು ಬೈಗುಳ ಬರುತ್ತದೆ ಎನ್ನುವಾಗ ನರ್ಸಮ್ಮ ಡಾಕ್ಟರ ಬಾಯಿಗೆ ಥರ್ಮಾಮೀಟರ್ ತುರುಕುತ್ತಾರೆ. ವಾರ್ಡಿನವರೆಲ್ಲ ನಗುತ್ತಿದ್ದೆವು, ಮೊನ್ನೆ ಅವರ ಕೋಟಿನ ಜೇಬಿನಿಂದ ಜಾರಿದ ಚೀಟಿಯನ್ನು ನೋಡುವವರೆಗೆ. ವರದಿಯಲ್ಲಿ ‘ಒಂದು ಮಂಚ ಉಳಿತಾಯ’ ಎಂಬ ಹೊಗಳಿಕೆಯೊಂದಿಗೆ ಹದಿನೆಂಟನೇ ಮಂಚ ರದ್ದಾದ ವಾರ, ಒಬ್ಬ ಅಪ್ಪನಿಗೆ ಅವರೇ ಬರೆದುಕೊಟ್ಟದ್ದು ಅದು: ‘ಮಂಚವಿಲ್ಲ. ಮಗಳನ್ನು ಸೋಮವಾರ ಕರೆತನ್ನಿ.’ ಸೋಮವಾರ ಅಪ್ಪನೊಬ್ಬನೇ ಬಂದು, ಆ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು ಹೋಗಿದ್ದ.