ಗಂಗತ್ತಿಯ ತಂಬಾಕು

೧೯೬೪ರ ಚಳಿಗಾಲದಲ್ಲಿ ಗಡಿಯೂರು ಸುಳಕೂಡದ ನಮ್ಮ ಹಳ್ಳದ ದಂಡೆಯ ಹೊಲದಲ್ಲಿ ತಂಬಾಕಿನ ಕೆಳಗಿನ ಎಲೆಗಳಿಗೆ ಚುಕ್ಕಿ ಬಿತ್ತು. ಒಣಗಿದ ತಂಬಾಕಿನ ಘಾಟು ಎಂಥದೆಂದು ಅದನ್ನು ಬೆಳೆದ ಮನೆಯವರಿಗೆ ಹೇಳಬೇಕಿಲ್ಲ. ಅದು ಮೂಗಿಗೆ ಬಂದಾಗಲೆಲ್ಲ ನನಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಟಂಟು ಎಲೆಗಳ ನಡುವೆ ಬಗ್ಗಿ ನಿಂತ ಗಂಗತ್ತಿ ಕಾಣುತ್ತಾಳೆ. ಅವಳು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಗಡಹಿಂಗ್ಲಜದಿಂದ ತವರಿಗೆ ಬಂದವಳು. ಆ ವರ್ಷ ಅವಳು ಹಚ್ಚಿದ ಬೆಳೆ ಕೈಗೆ ಹತ್ತಿದರೆ ಆ ಹೊಲ ಮುಂದೆಯೂ ಅವಳ ಬೇಸಾಯಕ್ಕೆ, ಕೆಟ್ಟರೆ ಮತ್ತೆ ಮನೆಯ ಬೇಸಾಯಕ್ಕೆ ಎಂದು ಊಟಕ್ಕೆ ಕುಳಿತಾಗ ಎಲ್ಲರೆದುರು ಮಾತಾಗಿತ್ತು.

ನಮ್ಮ ಕಡೆಯ ಬೀಡಿ ತಂಬಾಕು ಹಣ್ಣಾದಾಗ ಎಲೆಯ ಮೇಲೆ ಕೆಂಪು ಚುಕ್ಕಿ ಏಳುತ್ತದೆ. ಅದನ್ನೇ ಕಾದು ಗಿಡ ಕೊಯ್ಯುತ್ತಾರೆ. ಆದ್ದರಿಂದ ಚುಕ್ಕಿ ಕಂಡ ಅಪ್ಪ ಮರುದಿನವೇ ಆಳುಗಳೊಂದಿಗೆ ಬಂದು ಬದುವಿನ ಕಡೆಯಿಂದ ಕೊಯ್ಲು ಶುರುಮಾಡಿದ. ರೊಟ್ಟಿಬುಟ್ಟಿ ಹೊತ್ತು ಬಂದ ಗಂಗತ್ತಿ ಅದನ್ನು ಕೆಳಗಿಟ್ಟು ಅವನಿಗೆ ಅಡ್ಡ ನಿಂತಳು.

"ತಮ್ಮಾ, ಕುಡಗೋಲ ಕೆಳಗ ಇಡು. ಇದು ಹಣ್ಣಾದ ಚುಕ್ಕಿ ಅಲ್ಲ, ರೋಗ."

"ಚುಕ್ಕಿ ಬಿತ್ತಂದ್ರ ಕೊಯ್ಯೂದು ಅಕ್ಕಾ. ಅಪ್ಪನ ಕಾಲದಿಂದ ಹಂಗ ಮಾಡೇವಿ."

"ನಿನ್ನ ಮೀಸಿ ಹಣ್ಣಾಗೈತಿ. ಅದಕ್ಕ ನಿನಗ ಊರೆಲ್ಲಾ ಹಣ್ಣಾದಂಗ ಕಾಣತೈತಿ."

ಆಳುಗಳು ನಕ್ಕರು. ಅಪ್ಪ ನಗಲಿಲ್ಲ. ಗಂಗತ್ತಿ ಒಂದು ಗಿಡವನ್ನು ಬಾಗಿಸಿದಳು. ಬುಡದ ಎಲೆ ಹಳದಿಯಾಗಿ ಜೋತಿತ್ತು, ಅದರ ಚುಕ್ಕಿಗಳ ನಡುವೆ ಕಪ್ಪೆಯ ಕಣ್ಣಿನಂತೆ ಬಿಳುಪು. ಮೇಲಿನ ಹಸಿರೆಲೆಗಳಲ್ಲಿ ಒಂದು ಕಲೆಯೂ ಇರಲಿಲ್ಲ.

"ಮುದಿ ಎಲಿಗೆ ತಡಕೊಳ್ಳೂ ಕಸುವು ಇರೂದಿಲ್ಲ. ಮ್ಯಾಲಿನ್ವು ಇನ್ನಾ ಗಟ್ಟಿ ಅದಾವ. ಇವನ್ನ ಮುರದು ಹೊರಗ ಹಾಕೂನು, ಅವು ಹಣ್ಣಾಗೂ ಮಟಾ ಕಾಯೂನು."

"ಅಷ್ಟರಾಗ ರೋಗ ಮ್ಯಾಲ ಏರಿದ್ರ?"

"ಏರಿದ್ರ ಹೊಲಾ ನಿಂದು."

ಸಿಟ್ಟು ಬಂದಾಗ ಅಪ್ಪ ಮರಾಠಿಗೆ ಹೊರಳುತ್ತಿದ್ದ. "ಅಸೂ ದೇ," ಇರಲಿ ಬಿಡು ಎಂದು ಕುಡಗೋಲು ಹೆಗಲಿಗೇರಿಸಿ ಹೋದ.

ಮನೆಯ ಹೆಂಗಸರು, ಮಕ್ಕಳು ಸೇರಿ ಕೆಳಗಿನ ಎಲೆಗಳನ್ನೆಲ್ಲ ಮುರಿದೆವು, ಹಳೆಯ ಧೋತರಗಳಲ್ಲಿ ಕಟ್ಟಿ ಬದುವಿನಾಚೆ ಸುಟ್ಟೆವು. ಬೆರಳಿಗೆ ಮೆತ್ತಿದ ಕಪ್ಪು ಅಂಟು ತೊಳೆದರೂ ಹೋಗದೆ ರೊಟ್ಟಿಯೂ ಕಹಿಯಾಯಿತು. ಮಳೆಗಾಲದಲ್ಲಿ ಮಡಿಯ ಎಳೆ ಸಸಿಗಳು ಬುಡ ಕೊಳೆತು ಬಿದ್ದಾಗಲೂ ಗಂಗತ್ತಿ ಹೀಗೆಯೇ ಒಂದೊಂದನ್ನು ಆರಿಸಿ ತೆಗೆದಿದ್ದಳು. ತೀರ ಎಳೆಯದಕ್ಕೂ ತೀರ ಮುದಿಯಾದದ್ದಕ್ಕೂ ಕಾವಲು ಬೇಕು, ನಡುವಿನ ಪ್ರಾಯ ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎನ್ನುತ್ತಿದ್ದಳು. ದಿನಾ ಬೆಳಿಗ್ಗೆ ಹೊಲಕ್ಕೆ ಹೋಗಿ, ಈಗ ಎಲ್ಲಕ್ಕಿಂತ ಕೆಳಗಿರುವ ಎಲೆಯನ್ನಷ್ಟೇ ತಿರುವಿ ನೋಡುತ್ತಿದ್ದಳು. ಹಳ್ಳದ ತಂಪಿನ ಕಡೆ ಕೆಲವು ಗಿಡಗಳಲ್ಲಿ ಚುಕ್ಕಿ ಏರಿತು. ಆ ಎಲೆಗಳನ್ನೂ ಮುರಿದಳು. ಸಂಕ್ರಾಂತಿ ಕಳೆದ ಮೇಲೆ ತುದಿಯ ದಪ್ಪ ಎಲೆಗಳಲ್ಲೂ ನಡುವೆ ಬಿಳುಪಿಲ್ಲದ ಕೆಂಪು ಚುಕ್ಕಿ ಎದ್ದಿತು. ಆಗ ಅಪ್ಪನೇ ಕುಡಗೋಲು ಮಸೆದ.

ಮಾಲು ನೋಡಲು ಕಾಗಲದಿಂದ ವ್ಯಾಪಾರಿ ಬಂದ. ಅಪ್ಪ ಮೊದಲು ಕೊಯ್ದಿದ್ದ ತಂಬಾಕು ಕಾಗದದಂತೆ ಒಣಗಿತ್ತು. ವ್ಯಾಪಾರಿ ಅದನ್ನು ಅಂಗೈಯಲ್ಲಿ ತಿಕ್ಕಿ, "ಹೇ ಕಾಯ್, ಗವತ್?" ಇದೇನು ಹುಲ್ಲೇ ಎಂದು ಊದಿಬಿಟ್ಟ. ಗಂಗತ್ತಿಯದನ್ನು ತಿಕ್ಕಿ ಮೂಸಿದವನು ಸೀನಿದ, ಇನ್ನೊಮ್ಮೆ ಮೂಸಿದ. "ಹಾ ಮಾಲ್," ಇದು ಮಾಲು ಎಂದ.

"ಗವತ್ ನಂದ್ರಿ," ಎಂದ ಅಪ್ಪ. "ಮಾಲ್ ನಮ್ಮ ಅಕ್ಕಂದು."

ಗಂಗತ್ತಿ ಬದುಕಿರುವವರೆಗೆ ಆ ಹೊಲ ಮಾಡಿದಳು. ಅಪ್ಪ ಅವಳಿಗಿಂತ ಮೊದಲು ಹೋದ. ಮನೆಯಿದ್ದಲ್ಲಿ ಈಗ ಟ್ರ್ಯಾಕ್ಟರ್ ನಿಲ್ಲುವ ತಗಡಿನ ಶೆಡ್ ಇದೆ, ಹೊಲದಲ್ಲಿ ಕಬ್ಬು. ಊರವರು ಆ ಹೊಲವನ್ನು ಅಕ್ಕನ ಹೊಲ ಎನ್ನುತ್ತಾರೆ.