ಕೀವು ಎಣಿಸುವ ಬಗೆ

ಆ ಸಭೆಯಲ್ಲಿ ಫ್ಯಾನು ತಿರುಗುತ್ತಿತ್ತೋ ನಿಂತಿತ್ತೋ, ಈಗ ನಿಶ್ಚಯವಿಲ್ಲ. ಎಪ್ಪತ್ತರ ದಶಕದ ಕಲ್ಕತ್ತೆಯ ಯಾವ ನೆನಪಿಗೂ ಕರೆಂಟು ಹೋದ ಸೆಕೆ ತಾನಾಗಿ ಬಂದು ಸೇರಿಕೊಳ್ಳುತ್ತದೆ. ನಾನು ಮೇಜು ಕುಟ್ಟಿ ಮಾತಾಡಿದೆ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದೇನೆ, ಅದೂ ಅನುಮಾನವೇ.

ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ನಿನ ಗಾಯ ಕೀವಾದರೆ ವಾರ್ಡಿನ ಸಿಸ್ಟರ್ ನಾನಿದ್ದ ಲ್ಯಾಬಿಗೆ ಚೀಟಿ ಕಳಿಸಬೇಕಿತ್ತು. ಸೋಂಕಿನ ಮೇಲೆ ನಿಗಾ ಎಂದರೆ ಆ ಚೀಟಿಗಳ ಲೆಕ್ಕ, ಅಷ್ಟೇ. ಕೆಳಗಿನ ವಾರ್ಡಿನ ಹಿರಿಯ ಸಿಸ್ಟರ್ ಒಂದನ್ನೂ ಬಿಡದೆ ಬರೆಯುತ್ತಿದ್ದರು. ಮಹಡಿಯ ವಾರ್ಡಿನಿಂದ ಚೀಟಿಯೇ ಬರುತ್ತಿರಲಿಲ್ಲ. ಹಾಗಾಗಿ ಕೆಳಗಿನದು ಕೊಳಕು ವಾರ್ಡೆಂದಾಯಿತು. ಸೂಪರಿಂಟೆಂಡೆಂಟರು ಅಲ್ಲಿನ ಆ ಹಿರಿಯ ಸಿಸ್ಟರನ್ನು ವರ್ಗ ಮಾಡಲು ಹೊರಟರು.

"ಸ್ವಲ್ಪ ದಿನ ಬರೀಬೇಡಿ ದಿದಿ," ಎಂದೆ ಅವರಿಗೆ. ಬಂಗಾಳಿಯಲ್ಲಿ ಅಕ್ಕನಿಗೆ ದಿದಿ.

"ಬರೀದಿದ್ರೆ ಕೀವು ಒಣಗುತ್ತಾ, ಡಾಕ್ಟರ್‌ಬಾಬು?"

ಲ್ಯಾಬಿನ ಮುಖ್ಯಸ್ಥರು ಎರಡೂ ವಾರ್ಡಿನ ಗೋಡೆ, ನೆಲಕ್ಕೆ ಹತ್ತಿ ಒರೆಸಿ, ಅದರಿಂದ ಕ್ರಿಮಿ ಬೆಳೆಸಿ ನೋಡೋಣವೆಂದರು.

"ಗೋಡೆಗೆ ಯಾರೂ ಆಪರೇಷನ್ ಮಾಡಿಲ್ಲವಲ್ಲ ಸರ್," ಎಂದೆ.

"ಮೆಣಸಿನಕಾಯಿ ಕಚ್ಚಿಕೊಂಡೇ ಹುಟ್ಟಿದೆಯೇನೋ, ಮದ್ರಾಸಿ!" ಉಡುಪಿಯವನೆಂದು ಎಷ್ಟು ಹೇಳಿದರೂ ಅವರಿಗೆ ನಾನು ಮದ್ರಾಸಿ. ಆದರೂ ನನ್ನ ದಾರಿಗೆ ಬಿಟ್ಟರು.

ಚೀಟಿಗೆ ಕಾಯದೆ, ಗಾಯದ ಪಟ್ಟಿ ಬಿಚ್ಚುವ ಹೊತ್ತಿಗೆ ಎರಡೂ ವಾರ್ಡಿಗೆ ನಾನೇ ಹೋದೆ. ಮಹಡಿಯಲ್ಲಿ ಗಾಯಗಳು ಒಣಗಿಯೇ ಇದ್ದವು. ನನ್ನ ಊಹೆಯೇ ತಪ್ಪೇನೋ ಎಂದು ದಿಗಿಲಾಯಿತು. ಆಮೇಲೆ ಹೊಳೆಯಿತು: ಅಲ್ಲಿ ರೋಗಿಗಳನ್ನು ಬೇಗ ಮನೆಗೆ ಕಳಿಸುತ್ತಾರೆ, ಕೀವು ಮನೆಯಲ್ಲಿ ಕಟ್ಟುತ್ತದೆ. ಅವರು ಪಟ್ಟಿ ಬದಲಿಸಲು ಬರುವ 'ಔಟ್‌ಡೋರ್' ಎಂಬ ಹೊರರೋಗಿ ವಿಭಾಗದ ಮೇಜಿನ ಬಳಿ ಹೋಗಿ ಕೂತೆ. ಎಲ್ಲರಿಗೂ ಒಂದೇ ಪ್ರಶ್ನೆ, ಯಾವ ವಾರ್ಡಿನಲ್ಲಿದ್ದಿರಿ?

"ಮಹಡಿ," ಎಂದ ಒಬ್ಬ ಟ್ರಾಮ್ ಕಂಡಕ್ಟರ್, ಹೊಟ್ಟೆಯ ಕೀವು ಒರೆಸಿಸಿಕೊಳ್ಳುತ್ತ. "ಯಾಕೆ, ಅದಕ್ಕೆ ಬೇರೆ ಟಿಕೆಟ್ಟಾ?"

ಅವನ ಹಿಂದೆ ಮಹಡಿಯವರ ಸಾಲೇ ಇತ್ತು.

ವರ್ಗದ ಮಾತು ಬಂದ ಆ ಸಭೆಯಲ್ಲಿ ಈ ಲೆಕ್ಕ ಮುಂದಿಟ್ಟೆ. ಮಹಡಿಯ ಸರ್ಜನ್ನರು, "ಮನೆಗೆ ಹೋದ ಮೇಲೆ ನಮ್ಮ ಹೊಣೆಯಲ್ಲ," ಎಂದರು.

"ಹೊಲಿಗೆ ನಿಮ್ಮದೇ ತಾನೇ ಸರ್?" ಎಂದೆ. ಈ ಮಾತು ಆಡಿದ್ದು ನಾನೇ. ಇವತ್ತಿಗೂ ನೆನೆದರೆ ಬೆನ್ನು ನೆಟ್ಟಗಾಗುತ್ತದೆ.

ಎಷ್ಟೋ ವರ್ಷದ ಮೇಲೆ ಕಲ್ಕತ್ತೆಯ ಸಾಲ್ಟ್ ಲೇಕ್‌ನ ತಮ್ಮ ಮಗಳ ಮನೆಯಲ್ಲಿದ್ದ ದಿದಿಯನ್ನು ಕಂಡು, ಮೇಜು ಕುಟ್ಟಿದ್ದು ನಿಜವೇ ಎಂದು ಕೇಳಿದೆ. "ನನ್ನನ್ನು ಆ ಸಭೆಗೆ ಕರೆದವರು ಯಾರು?" ಎಂದು ನಕ್ಕರು. ಆಮೇಲಾದರೂ ವರ್ಗ ಮಾಡಿದರೇ ಎಂಬ ಇನ್ನೊಂದು ಪ್ರಶ್ನೆಗೆ ಉತ್ತರ ಸಿಕ್ಕಿತು. ಅಭ್ಯಾಸಬಲದಿಂದ ಆಗ ಅವರ ಜೊತೆ ಕೆಲಸ ಮಾಡಿದ್ದ ಇನ್ನೊಬ್ಬ ನರ್ಸನ್ನೂ ಕೇಳಿ ಖಚಿತಪಡಿಸಿಕೊಂಡೆ. ದಿದಿ ನಿವೃತ್ತರಾದದ್ದು ಕೆಳಗಿನ ವಾರ್ಡಿನಿಂದಲೇ.