ಹುಳಕ್ಕೆ ಜ್ವರ ಬಂದ ದಿನ

ನಮ್ಮ ಚಿಕ್ಕಮಾವ ಕೋದಂಡಪ್ಪನವರು ಯಾವುದನ್ನು ಹತ್ತುವ ಮೊದಲೂ ಅದರ ಸುತ್ತ ಒಂದು ಸುತ್ತು ಬರುತ್ತಿದ್ದರು. ಸುಗಟೂರಿನಲ್ಲಿ ಕೋಲಾರದ ಬಸ್ಸು ಬಂದು ನಿಂತರೆ ಜನವೆಲ್ಲ ಬಾಗಿಲಿಗೆ ಮುಗಿಬೀಳುತ್ತಿತ್ತು. ಇವರು ಮಾತ್ರ ಬಸ್ಸಿನ ಮೂತಿಯಿಂದ ಹೊರಟು, ಒಂದೊಂದು ಟೈರನ್ನೂ ಒದ್ದು, ಹಿಂದಿನ ಏಣಿಯನ್ನು ಅಲ್ಲಾಡಿಸಿ ನೋಡಿ, ಕೊನೆಗೆ ‘ಚೆಕ್’ ಎಂದು ತಮಗೆ ತಾವೇ ಹೇಳಿಕೊಂಡು ಹತ್ತುತ್ತಿದ್ದರು. ಅಷ್ಟರಲ್ಲಿ ಸೀಟುಗಳೆಲ್ಲ ತುಂಬಿರುತ್ತಿದ್ದವು. ಡ್ರೈವರು “ಏನ್ ಸಾರ್, ಹಾರ್ತೈತಾ?” ಎಂದು ಚುಡಾಯಿಸಿದರೆ, “ಬಲಗಡೆ ಹಿಂದಿನ ಟೈರಿಗೆ ಗಾಳಿ ಸಾಲ್ದು ಕಣಪ್ಪ, ಹಾರಲ್ಲ” ಎನ್ನುತ್ತಿದ್ದರು. ಎತ್ತಿನ ಗಾಡಿ, ಸೈಕಲ್ಲು, ಅಟ್ಟದ ಏಣಿ, ಎಲ್ಲಕ್ಕೂ ಇದೇ ಮರ್ಯಾದೆ. ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವರು ಊಟದ ತಟ್ಟೆಯ ಅಂಚಿನ ಸುತ್ತ ಬೆರಳಾಡಿಸಿ ‘ಚೆಕ್’ ಎಂದದ್ದನ್ನು ಕಂಡು, ಇವರಿಗೆ ತಲೆಯಲ್ಲಿ ಒಂದು ನಟ್ಟು ಸಡಿಲವಿರಬೇಕು ಎಂದುಕೊಂಡಿದ್ದೆ.

ಅವರು ನನ್ನ ಮಾವನ ತಮ್ಮ. ಮದುವೆಯಾಗಿರಲಿಲ್ಲ. ವಾಯುಪಡೆಯಲ್ಲಿ ಹದಿನೆಂಟು ವರ್ಷ ವಿಮಾನಗಳ ರಿಪೇರಿ ಮಾಡಿ, ಕಣ್ಣು ಕೈಕೊಟ್ಟದ್ದರಿಂದ ಊರಿಗೆ ಮರಳಿದ್ದರು. ಆ ಕಣ್ಣಿನ ಕಾಯಿಲೆಯೂ ವಿಚಿತ್ರದ್ದು. ನೇರಕ್ಕೆ ಇದ್ದದ್ದು ಚೆನ್ನಾಗಿಯೇ ಕಾಣುತ್ತಿತ್ತು, ಸುತ್ತಲಿನದು ಮಾತ್ರ ವರ್ಷ ವರ್ಷಕ್ಕೆ ಮುಚ್ಚಿಕೊಳ್ಳುತ್ತ ಬರುತ್ತಿತ್ತು. “ಕೊಳವೇಲಿ ನೋಡ್ದಂಗೆ ಅಮ್ಮಣ್ಣಿ. ನಿನ್ನ ಮೂಗು ಕಾಣ್ತೈತೆ, ಕಿವಿ ಎಲ್ಲೈತೆ ಅಂತ ಹುಡುಕ್ಬೇಕು” ಎಂದು ನಗುತ್ತಿದ್ದರು. ಬಸ್ಸಿನ ಸುತ್ತ ಬರುವುದು ವಾಯುಪಡೆಯ ಅಭ್ಯಾಸ, ತಟ್ಟೆಯ ಸುತ್ತ ಬೆರಳಾಡಿಸುವುದು ಕಣ್ಣಿನ ಕಷ್ಟ ಎಂದು ನನಗೆ ಅರ್ಥವಾದಾಗ, ಮೊದಲು ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು.

ಆ ಮನೆಯಲ್ಲಿ ನನಗೆ ಮಾತಿಗೆ ಇದ್ದವರು ಅವರೊಬ್ಬರೇ. ನನ್ನ ಗಂಡ ಮಾಲೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದರು. ನಾನು ಕೋಲಾರದಲ್ಲಿ ಪಿಯುಸಿ ಮುಗಿಸಿದವಳು, ಟೀಚರ್ ಟ್ರೇನಿಂಗಿಗೆ ಸೇರುವ ಆಸೆಯಿದ್ದವಳು. “ಈ ಬೆಳೆ ಒಂದು ಮುಗೀಲಿ, ನೋಡಾಣ” ಎಂದು ಮಾವ ಹೇಳಿದ್ದರು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆ ಮುಗಿಯುವುದೆಂಬುದೇ ಇಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ. ಒಂದು ಗೂಡು ಕಿತ್ತು, ಹುಳದ ಮನೆಗೆ ಸುಣ್ಣ ಬಳಿದು ಒಣಗುವಷ್ಟರಲ್ಲಿ ಇನ್ನೊಂದು ಮೊಟ್ಟೆಯ ಹಾಳೆ ಬಂದಿರುತ್ತಿತ್ತು. ದಿನಕ್ಕೆ ಐದು ಹೊತ್ತು ಸೊಪ್ಪು ಹಾಕಬೇಕು. ಹುಳಕ್ಕೆ ವಾಸನೆ ಆಗದೆಂದು ಮನೆಯಲ್ಲಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ತಲೆಗೆ ಹೂವಿಲ್ಲ. ನೆಂಟರು ಬರುವಂತಿಲ್ಲ, ನಾನು ತವರಿಗೆ ಹೋಗುವಂತಿಲ್ಲ. ಎಂಟು ಮೈಲಿಯಾಚೆ ಇದ್ದ ಅಮ್ಮನ ಮುಖವನ್ನು ನಾನು ಆ ವರ್ಷ ಎರಡೇ ಸಲ ನೋಡಿದ್ದು.

ಆ ಮನೆಯಲ್ಲಿ ನನಗಿದ್ದ ರಜೆ ಒಂದೇ, ಹುಳಕ್ಕೆ ಜ್ವರ ಬಂದ ದಿನ. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಕಳಚುವ ಮೊದಲು ಹುಳ ಮೇವು ಬಿಟ್ಟು, ತಲೆಯೆತ್ತಿ, ಸುಮಾರು ಒಂದು ದಿನ ಅಲ್ಲಾಡದೆ ಕೂರುತ್ತದೆ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಒಂದು ಬೆಳೆಗೆ ಇಂಥ ಜ್ವರ ನಾಲ್ಕು. ಹೀಗೆ ನನ್ನ ಪಾಲಿಗೆ ತಿಂಗಳಿಗೆ ನಾಲ್ಕು ದಿನ ಉಸಿರಾಡಲು ಸಿಗುತ್ತಿತ್ತು.

ವಿಮಾನ ಬಂದದ್ದು ಎಂಬತ್ತರ ದಶಕದ ಮೊದಲಲ್ಲಿ. ಚಿಕ್ಕಮಾವನ ಜೊತೆ ಕೆಲಸ ಮಾಡಿದ್ದ ಒಬ್ಬ ಸ್ನೇಹಿತರು ಗಲ್ಫ್ ದೇಶಕ್ಕೆ ಹೋಗಿದ್ದವರು, ರೇಡಿಯೋದಿಂದ ನಡೆಸುವ ಸಣ್ಣ ವಿಮಾನದ ಸಾಮಾನನ್ನು ತಂದುಕೊಟ್ಟಿದ್ದರು. ವಿಮಾನವನ್ನು ತಿರುಗಿಸಲು ಎರಡು ಕಡ್ಡಿ ನೆಟ್ಟ, ಉದ್ದ ಏರಿಯಲ್ ಇದ್ದ ಒಂದು ಪೆಟ್ಟಿಗೆ, ನಿಂಬೆಹಣ್ಣಿನ ಗಾತ್ರದ ಇಂಜಿನ್ನು, ಬೆಂಡಿನಷ್ಟು ಹಗುರವಾದ ಮರದ ಹಲಗೆಗಳು. ಜಗಲಿಯ ಮೇಲೆ ಹಲಗೆ ಕೊಯ್ದು, ಅಂಟಿಸಿ, ಉಜ್ಜಿ, ಆರು ತಿಂಗಳು ಕೂತು ಮಾಡಿದರು. ರೆಕ್ಕೆಗೆ ಹೊದಿಸಲು ರೇಷ್ಮೆ ಬೇಕೆಂದಾಗ ಅಮ್ಮ ಕೊಟ್ಟಿದ್ದ, ಮಡಿಕೆಯಲ್ಲೆಲ್ಲ ಸೀಳಿದ್ದ ಕೆಂಪು ಸೀರೆಯನ್ನು ನಾನೇ ತಂದುಕೊಟ್ಟೆ. “ಜರಿ ಬೇಡ, ಭಾರ” ಎಂದು ಅಂಚನ್ನು ಕತ್ತರಿಸಿ ನನಗೇ ವಾಪಸು ಕೊಟ್ಟರು. ಆ ಬಟ್ಟೆಯ ಮೇಲೆ ಡೋಪ್ ಎಂಬ ವಾರ್ನಿಷಿನಂಥದ್ದನ್ನು ಬಳಿದಾಗ ರೇಷ್ಮೆ ಬಿಗಿದು ತಮಟೆಯ ಚರ್ಮದಂತಾಯಿತು.

“ಹದಿನೆಂಟು ವರ್ಷ ವಿಮಾನದ ಹೊಟ್ಟೆ ಕೆಳಗೇ ಮಲಗಿದ್ದೆ ಅಮ್ಮಣ್ಣಿ. ನಡೆಸಿದ್ದು ಒಂದು ದಿನಾನೂ ಇಲ್ಲ. ಇದನ್ನಾದ್ರೂ ಹಾರಿಸಿ, ಒಂದ್ಸಲ ಮುಕ್ಕಾಗ್ದಂಗೆ ನೆಲಕ್ಕಿಳಿಸಿ ನೋಡ್ಬೇಕು. ಈ ಕೊಳವೆ ಮುಚ್ಚೋದ್ರೊಳಗೆ” ಎಂದಿದ್ದರು. ಅವರಿಗೆ ಬೇಕಾಗಿದ್ದುದು ಅಷ್ಟೇ.

ಹಾರಿಸುವುದು ಅವರಿಗೆ ಕಷ್ಟವಾಗಲಿಲ್ಲ. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಿಂದ ಅದು ಒಂದೇ ಓಟಕ್ಕೆ ಮೇಲೆದ್ದಿತು. ಆದರೆ ಒಂದು ತಿರುವಿನಲ್ಲಿ ಅವರ ಕೊಳವೆಯಿಂದ ಆಚೆ ಸರಿಯಿತು. “ಎಲ್ಲೋಯ್ತು? ಎಲ್ಲೋಯ್ತು?” ಎಂದು ಅವರು ಆಕಾಶವನ್ನೆಲ್ಲ ತಡಕಾಡುತ್ತಿರುವಾಗಲೇ ಅದು ಹಿಪ್ಪುನೇರಳೆ ತೋಟಕ್ಕೆ ಮೂತಿ ಊರಿತ್ತು. ಮುರಿದ ರೆಕ್ಕೆಯನ್ನು ಎದೆಗವಚಿಕೊಂಡು ಮನೆಗೆ ಬಂದವರು ಎರಡು ದಿನ ಜಗಲಿ ಬಿಟ್ಟು ಏಳಲಿಲ್ಲ.

ಮೂರನೆಯ ದಿನ, ನಾನು ಮೊಟ್ಟೆಯಿಂದ ಆಗಷ್ಟೇ ಹೊರಟ ಹುಳಗಳನ್ನು ಕೋಳಿಗರಿಯಿಂದ ತಟ್ಟೆಗೆ ಇಳಿಸುತ್ತಿದ್ದೆ. ಇರುವೆಗಿಂತ ಸಣ್ಣವು, ಬೆರಳು ತಾಗಿದರೆ ಸತ್ತವು. ಬಾಗಿಲಲ್ಲಿ ನಿಂತು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದ ಚಿಕ್ಕಮಾವ, “ಆ ಕಡ್ಡಿಗೆ ಬೇಕಾದ ಕೈ ಇದು” ಎಂದರು.

ಪಾಠ ಶುರುವಾದದ್ದು ರಾಗಿ ಮುದ್ದೆಯಿಂದ. ಮುದ್ದೆಗೆ ಒಂದು ತೆಂಗಿನ ಕಡ್ಡಿ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. ತಾವು ಹಿತ್ತಲಿನಲ್ಲಿ ಎರಡೂ ತೋಳು ಚಾಚಿ ವಿಮಾನವಾದರು. ನನ್ನಿಂದ ದೂರ ಹೋಗುವಾಗ ಅವರ ಬಲ ನನ್ನ ಬಲ. ತಿರುಗಿ ನನ್ನ ಕಡೆಗೆ ಬರುವಾಗ ಎಲ್ಲ ತಲೆಕೆಳಗು. ನಾನು ಕಡ್ಡಿಯನ್ನು ಬಲಕ್ಕೆ ತಳ್ಳಿದರೆ ಅವರು ನನ್ನ ಎಡಕ್ಕೆ ಹೊರಳಿ ಬಾವಿಕಟ್ಟೆಗೆ ಡಿಕ್ಕಿ ಹೊಡೆಯುತ್ತಿದ್ದರು. “ಲೆಕ್ಕ ಹಾಕ್ಬೇಡ ಅಮ್ಮಣ್ಣಿ! ನಿನ್ ಕಡೆ ಬರುವಾಗ ಯಾವ ರೆಕ್ಕೆ ಇಳೀತೋ ಆ ಕಡೀಗೇ ಕಡ್ಡಿ ಹಾಕು. ಏನೂ ತೋಚ್ಲಿಲ್ವಾ? ಕೈ ಬಿಟ್ಬಿಡು. ಕಲಿಯೋರಿಗೆ ಅಂತ ಮಾಡಿದ್ ವಿಮಾನ ಇದು, ಅದಕ್ಕದೇ ಸರಿಹೋಗ್ತೈತೆ. ಮೆಲ್ಲಗಾ, ಮೆಲ್ಲಗಾ.” ಗಾಬರಿಯಾದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು. ಐವತ್ತರ ಗಂಡಸು ತೋಳು ಚಾಚಿ ಓಡುವುದನ್ನೂ ಸೊಸೆ ಮುದ್ದೆ ಹಿಡಿದು ನಿಂತದ್ದನ್ನೂ ಕಂಡ ನಮ್ಮತ್ತೆ, “ಇಬ್ರಿಗೂ ಒಂದೇ ಸಲ ಹಿಡೀತಲ್ಲಪ್ಪ” ಎಂದು ಒಳಗೆ ಹೋದರು.

ಆಮೇಲೆ ಒಂದೊಂದು ಜ್ವರಕ್ಕೂ ಕೆರೆಯಂಗಳ. ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿ ಇಂಜಿನ್ನಿಗೆ ಹುಯ್ದು, ವಿಮಾನದ ಸುತ್ತ ಒಂದು ಸುತ್ತು ಬಂದು ‘ಚೆಕ್’ ಆದ ಮೇಲೆ ಅವರು ಅದನ್ನು ಮೇಲೇರಿಸಿ ಪೆಟ್ಟಿಗೆ ನನಗೆ ಕೊಡುತ್ತಿದ್ದರು. ಮೇಲೆ ಅದು ಕೆಂಪು ಹೊಟ್ಟೆ ತೋರಿಸುತ್ತ ಸುತ್ತುವಾಗ ನನಗೆ ಸೊಪ್ಪು ಮರೆಯುತ್ತಿತ್ತು, ಮಾವ ಮರೆಯುತ್ತಿದ್ದರು. ಕೆಳಗಿಳಿಸುವುದು ಮಾತ್ರ ಇಬ್ಬರಿಂದಲೂ ಆಗಲಿಲ್ಲ. ಒಂದು ಸಲ ಚಕ್ರ ಹೋಯಿತು, ಒಂದು ಸಲ ಪಂಖ, ಇನ್ನೊಂದು ಸಲ ಮತ್ತೆ ರೆಕ್ಕೆ. ಅಷ್ಟರಲ್ಲಿ ಮಳೆಗಾಲ ಬಂತು. ಅವರ ಕೊಳವೆಯೂ ಕಿರಿದಾಗುತ್ತಿತ್ತು.

ಇನ್ನು ನಾನು ಮಾಡಿದ ಕೆಲಸವನ್ನು ಹೇಳಬೇಕು. ರಿಪೇರಿಯಾದ ರೆಕ್ಕೆಗೆ ಡೋಪ್ ಬಳಿದಾಗ ತೇವದ ಗಾಳಿಗೆ ಅದು ಬಿಳಿಚಿಕೊಂಡು ಒಣಗಲೇ ಇಲ್ಲ. “ಬಿಸಿಲು ಬರ್ಲಿ, ತಾಳು” ಎಂದು ಹೇಳಿ ಚಿಕ್ಕಮಾವ ಕಣ್ಣಿನ ಡಾಕ್ಟರಲ್ಲಿಗೆ ಕೋಲಾರಕ್ಕೆ ಹೋದರು. ಮಾರನೆಯ ದಿನ ಮೂರನೇ ಜ್ವರ. ಅದು ತಪ್ಪಿದರೆ ಮತ್ತೆ ಒಂದು ವಾರ ನಾನು ಆ ನಾಲ್ಕು ಗೋಡೆಯೊಳಗೆ. ಊರಿನಲ್ಲೆಲ್ಲ ಬೆಚ್ಚಗೆ ಒಣಗಿದ್ದ ಜಾಗ ಒಂದೇ, ಇದ್ದಿಲ ಕೆಂಡ ಇಟ್ಟಿದ್ದ ಹುಳದ ಮನೆ. ಜ್ವರ ಹತ್ತಿರವಾಗಿ ಹುಳ ಮೇವು ತಗ್ಗಿಸಿದ್ದರಿಂದ ಮುಂದಿನ ಸೊಪ್ಪು ಸಂಜೆಗೇ ಇತ್ತು. ಬೆಳಗಿನ ಸೊಪ್ಪು ಹಾಕಿದವಳೇ ರೆಕ್ಕೆಯನ್ನು ತಂದು ಅಲ್ಲಿಯ ಮೂಲೆಗೆ ನಿಲ್ಲಿಸಿದೆ. ಮೂಸಿಯೂ ನೋಡಿದೆ. ತಿಂಗಳುಗಟ್ಟಲೆ ಡೋಪಿನ ವಾಸನೆಯಲ್ಲೇ ಇದ್ದ ನನ್ನ ಮೂಗಿಗೆ ಏನೂ ಬಡಿಯಲಿಲ್ಲ.

ಸಂಜೆಗೆ ಬಾಗಿಲು ತೆಗೆದರೆ ನಲವತ್ತು ತಟ್ಟೆಯ ಹುಳಗಳೂ ಹಸಿರು ಕಕ್ಕಿಕೊಂಡು ಹೊರಳಾಡುತ್ತಿದ್ದವು.

ಮಾವ ರೆಕ್ಕೆಯನ್ನು ಅಂಗಳಕ್ಕೆ ಎಸೆದು ನಿಂತಿದ್ದರು. ಬಸ್ಸಿಳಿದು ಚಿಕ್ಕಮಾವ ಬಂದರು. “ಇದನ್ನ ಒಳಗಿಟ್ಟೋರು ಯಾರು?” ಎಂದು ಮಾವ ಕೇಳಿದರು. ಚಿಕ್ಕಮಾವ ತಲೆಯನ್ನು ನಿಧಾನವಾಗಿ ತಿರುಗಿಸಿ ಮೊದಲು ರೆಕ್ಕೆಯನ್ನು, ಆಮೇಲೆ ನನ್ನ ಮುಖವನ್ನು ಹುಡುಕಿ ನೋಡಿದರು. “ನಾನೇ ಕಣಣ್ಣ. ಬಸ್ಸಿಗೆ ಹೋಗೋಕ್ ಮುಂಚೆ ಇಟ್ಟೆ” ಎಂದರು.

“ಕಣ್ಣು ಹೋಯ್ತು ಅಂದ್ಕೊಂಡಿದ್ದೆ. ಬುದ್ಧೀನೂ ಹೋಯ್ತೇನೋ ನಿಂಗೆ?” ಎಂದರು ಮಾವ. “ಈ ದರಿದ್ರ ಇನ್ನು ಈ ಹೊಸಿಲು ದಾಟ್ಬಾರ್ದು. ಸೊಸೇನೂ ಕೆರೆ ಕಡೆ ಹೋಗ್ಬಾರ್ದು.”

ನಾನು ಸುಮ್ಮನಿದ್ದೆ. ಅಂದು ಸುಮ್ಮನಿದ್ದೆ, ಮಾರನೆಯ ದಿನ ಹುಳಗಳನ್ನು ಗುಂಡಿಗೆ ಹುಯ್ಯುವಾಗಲೂ ಸುಮ್ಮನಿದ್ದೆ. ವಿಮಾನ ತೋಟದ ಪಂಪ್‌ಸೆಟ್ ಮನೆ ಸೇರಿತು. ಹೊಸ ಮೊಟ್ಟೆಯ ಹಾಳೆ ಬಂತು, ಜ್ವರಗಳು ಬಂದು ಹೋದವು. ಆ ದಿನಗಳಲ್ಲಿ ನಾನು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಚಿಕ್ಕಮಾವ ಒಂದು ಸಲವೂ ಆ ಮಾತೆತ್ತಲಿಲ್ಲ. ಜಗಲಿಯ ಕಂಬಕ್ಕೊರಗಿ, “ಇವತ್ತು ಗಾಳಿ ಯಾವ ಕಡೆ ಅಮ್ಮಣ್ಣಿ?” ಎಂದು ಕೇಳುತ್ತಿದ್ದರು. “ಕಟ್ಟೆ ಕಡೆಯಿಂದ” ಎಂದರೆ, “ಒಳ್ಳೇ ಗಾಳಿ” ಎನ್ನುತ್ತಿದ್ದರು. ಇದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಒಂದು ದಿನ ಅವರು ನೀರಿನ ಚೊಂಬಿಗೆ ಕೈಚಾಚಿ ಅದರ ಪಕ್ಕದ ಗಾಳಿಯನ್ನು ಹಿಡಿದರು. ಅಂದು ಸಂಜೆ ತೋಟದಿಂದ ಬಂದ ಮಾವನ ಕಾಲಿಗೆ ನೀರು ಕೊಡುತ್ತ, “ಮಾವ, ಅವತ್ತು ರೆಕ್ಕೆ ಇಟ್ಟಿದ್ದು ನಾನು. ಅವರಲ್ಲ” ಎಂದೆ. ಮಾವ ಕಾಲು ತೊಳೆದು, ಚೊಂಬನ್ನು ನನ್ನ ಕೈಗಿಟ್ಟು ಒಳಗೆ ಹೋದರು.

ಎರಡು ದಿನ ಕಳೆದು ಹುಳ ನಾಲ್ಕನೇ ಜ್ವರಕ್ಕೆ ಕೂತಿತು. ಬೆಳಿಗ್ಗೆ ಮಾವ ಸೊಪ್ಪಿನ ಕುಡುಗೋಲು ಮಸೆಯುತ್ತ, ನನ್ನ ಕಡೆ ನೋಡದೆಯೇ ಹೇಳಿದರು: “ಅವನನ್ನ ಕರ್ಕೊಂಡ್ ಹೋಗು. ಇದೇ ಕೊನೆ. ಬಿಸಿಲಿಳಿಯೋದ್ರೊಳಗೆ ಬಂದ್ಬಿಡ್ಬೇಕು. ಆಮೇಲೆ ಅದನ್ನ ಯಾರಿಗಾದ್ರೂ ಕೊಟ್ಬಿಡ್ಲಿ.”

ಆ ಚಳಿಗಾಲದಲ್ಲಿ ಕೆರೆಯ ನಡುವೆ ಸ್ವಲ್ಪ ನೀರಿತ್ತು, ಅಂಚಿನ ನೆಲ ಗಟ್ಟಿಯಾಗಿತ್ತು. ಚಿಕ್ಕಮಾವ ವಿಮಾನದ ಸುತ್ತ ಮಂಡಿಯೂರಿ ಸುತ್ತು ಬಂದರು. ಪ್ರತಿಯೊಂದು ಕೀಲನ್ನೂ ಬೆರಳಿನಿಂದ ಒತ್ತಿ ನೋಡಿದರು. “ಚೆಕ್. ನಾನು ಬಾಲ ಹಿಡ್ದು ಬಿಡೋನು ಮಾತ್ರ. ಮಿಕ್ಕಿದ್ದೆಲ್ಲ ನಿಂದೇ” ಎಂದರು.

ಅದು ಏರಿತು. ಅವರು ನನ್ನ ಪಕ್ಕದಲ್ಲಿ ನೆಲ ನೋಡುತ್ತ, ಕಿವಿಗೊಟ್ಟು ನಿಂತರು. “ಎಲ್ಲೈತೆ?” “ಮಾವಿನ ತೋಪಿನ ಮೇಲೆ.” “ತಿರುಗ್ಸು.” ತಿರುಗಿಸಿದೆ. ಮೂತಿ ನನ್ನ ಕಡೆಯಾಯಿತು. ಒಂದು ರೆಕ್ಕೆ ಇಳಿಯಿತು. ಎಡವೋ ಬಲವೋ ತಿಳಿಯಲಿಲ್ಲ. ಇಳಿದ ಕಡೆಗೇ ಕಡ್ಡಿ ಹಾಕಿದೆ. ಸರಿಹೋಯಿತು. ಇಂಜಿನ್ನಿನ ಸದ್ದು ತಗ್ಗಿಸುತ್ತ ಬಂದೆ. “ಮೆಲ್ಲಗಾ” ಎಂದು ಅವರು ಪಿಸುಗುಟ್ಟಿದರು. “ಇನ್ನೂ ಮೂತಿ ಎತ್ಬೇಡ... ಇನ್ನೂ ಬೇಡ... ಈಗ.” ಗರಿಯಿಂದ ಹುಳ ಎತ್ತುವಷ್ಟು ಮಾತ್ರ ಕಡ್ಡಿ ಎಳೆದೆ. ಚಕ್ರಗಳು ನೆಲಕ್ಕೆ ತಾಗಿದವು, ಓಡಿದವು, ಒಂದು ಜಾಲಿ ಗಿಡದ ಮುಂದೆ ನಿಂತವು.

“ರೆಕ್ಕೆ?” “ಐತೆ.” “ಪಂಖ?” “ಐತೆ ಚಿಕ್ಕಮಾವ. ಎಲ್ಲ ಐತೆ.”

ನಾನು ಕೈಹಿಡಿದು ಕರೆದೊಯ್ದೆ. ಅವರು ಮಂಡಿಯೂರಿ ಅದರ ಸುತ್ತ ಕೈಯಾಡಿಸಿದರು, ಅತ್ತರು. ನನಗೂ ಅಲ್ಲೇ ಕೂತು ಅಳಬೇಕೆನಿಸಿತು. ಆದರೆ ಬಿಸಿಲು ಇಳಿಯುತ್ತಿತ್ತು. “ಹೋಗೋಣ ಚಿಕ್ಕಮಾವ” ಎಂದೆ.

ವಿಮಾನವನ್ನು ಅವರು ಆ ಸ್ನೇಹಿತರಿಗೇ ಹಿಂತಿರುಗಿಸಿದರು. ವರ್ಷದೊಳಗೆ ಅವರ ಕೊಳವೆ ಪೂರ್ತಿ ಮುಚ್ಚಿತು. ನಾನು ಟ್ರೇನಿಂಗಿಗೆ ಸೇರುವ ವಯಸ್ಸೂ ದಾಟಿತು, ನಾನು ಅಲ್ಲೇ ಉಳಿದೆ. ಆಮೇಲಿನ ನಾಲ್ಕು ವರ್ಷವೂ ಜ್ವರದ ದಿನ ಬಂದರೆ ಅವರು ಗಾಳಿ ಯಾವ ಕಡೆ ಎಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ.

ಕೊನೆಗೆ ಎದೆನೋವೆಂದು ಅವರನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಹುಳ ಎರಡನೇ ಜ್ವರ ದಾಟಿ ಹಸಿದಿತ್ತು. “ಅವಸರ ಬೇಡ ಅನ್ನು. ಮೂರನೇ ಜ್ವರಕ್ಕೆ ಬರ್ಲಿ” ಎಂದು ಚಿಕ್ಕಮಾವ ನನ್ನ ಗಂಡನ ಕೈಲಿ ನನಗೆ ಹೇಳಿ ಕಳಿಸಿದ್ದರು. ಆ ಜ್ವರಕ್ಕೆ ಇನ್ನೂ ಒಂದು ದಿನ ಇರುವಾಗ ಅವರನ್ನೇ ಮನೆಗೆ ತಂದರು.

ಎತ್ತುವ ಮೊದಲು ಕೊನೆಯ ಸಲ ನೋಡಲು ನನ್ನನ್ನು ಹುಳದ ಮನೆಯಿಂದ ಕರೆದರು. ಅಂಗೈ ಸೊಪ್ಪಿನಿಂದ ಹಸಿರಾಗಿತ್ತು. ನಾನು ಚಟ್ಟದ ಸುತ್ತ ಒಂದು ಸುತ್ತು ಬಂದೆ. ಒಂದೊಂದು ಬಿದಿರನ್ನೂ ಅಲ್ಲಾಡಿಸಿ, ಒಂದೊಂದು ಗಂಟನ್ನೂ ಬೆರಳಿನಿಂದ ಒತ್ತಿ ನೋಡಿದೆ. ಪ್ರದಕ್ಷಿಣೆ ಮಾಡುತ್ತಿದ್ದಾಳೆ ಎಂದು ಹೆಂಗಸರು ದಾರಿ ಬಿಟ್ಟರು. ಎಡಗಾಲಿನ ಬಳಿಯ ಗಂಟು ಸಡಿಲವಿತ್ತು. ಅದನ್ನು ಬಿಚ್ಚಿ, ಎಳೆದು ಬಿಗಿಯಾಗಿ ಕಟ್ಟಿದೆ. “ಚೆಕ್, ಚಿಕ್ಕಮಾವ” ಎಂದೆ. ಆಮೇಲೆ ಕೈ ತೊಳೆದುಕೊಂಡು ಮಧ್ಯಾಹ್ನದ ಸೊಪ್ಪು ಹಾಕಲು ಒಳಗೆ ಹೋದೆ.